ಫೆರುಮಾಕ್ಸಿಟಾಲ್ ವಿಮರ್ಶೆ: ಕರಗುವ ಕಾಂಟ್ರಾಸ್ಟ್ ಸರಿ, ಕರಗಿದ್ದು ಹೋಗುವುದೆಲ್ಲಿಗೆ?

ವಯಲನ್ನು ಬೆಳಕಿಗೆ ಹಿಡಿದರೂ ಆಚೆಬದಿ ಕಾಣುವುದಿಲ್ಲ. ಮಸಿ ಕಲಸಿದಂಥ ಕಂದು ದ್ರವ, 17 ಮಿಲೀ. ಅದರಲ್ಲಿ 510 ಮಿಗ್ರಾಂ ಕಬ್ಬಿಣ, ಅಂದರೆ ಮಿಲೀಗೆ 30 ಮಿಗ್ರಾಂ. ಒಳಗೆ ಗಸಿ ಇದೆಯೇ ಎಂದು ತಿಳಿಯಲು ವಯಲನ್ನು ನಿಧಾನ ಮಗುಚಿ, ಗಾಜಿನ ಮೇಲೆ ಇಳಿಯುವ ತೆಳು ಪದರವನ್ನೇ ನೋಡಬೇಕು. ಅಲ್ಲಿ ಕಣ ಕಂಡರೆ ಆ ವಯಲ್ ಬೇಡ. ಇಡುವುದು 20ರಿಂದ 25 ಡಿಗ್ರಿಯಲ್ಲಿ. ಫ್ರೀಜರ್‌ಗೆ ಹೋಗಿಬಂದ ವಯಲ್ ಹೊರಗಿನಿಂದ ಚೆನ್ನಾಗಿ ಕಂಡರೂ ಬಳಸಬಾರದು.

ಇದರ ಹೆಸರು ಫೆರುಮಾಕ್ಸಿಟಾಲ್. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2009ರಲ್ಲಿ ಫೆರಾಹೀಮ್ ಎಂಬ ಹೆಸರಲ್ಲಿ ಇದನ್ನು ಒಪ್ಪಿದ್ದು ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವವರ ರಕ್ತಹೀನತೆಗೆ ಕೊಡುವ ಕಬ್ಬಿಣದ ಇಂಜೆಕ್ಷನ್ ಆಗಿ. ಚಿತ್ರದಲ್ಲಿ ಅಂಗಾಂಶಗಳ ವ್ಯತ್ಯಾಸ ಎದ್ದು ಕಾಣಿಸುವ ಕಾಂಟ್ರಾಸ್ಟ್ ಏಜೆಂಟ್ ಆಗಿ ಎಂಆರ್‌ಐನವರು ಇದರ ಬೆನ್ನು ಹತ್ತಿದ್ದಕ್ಕೆ ಕಾರಣ ಬೇರೆ. ಒಳಗಿರುವುದು ಐರನ್ ಆಕ್ಸೈಡ್‌ನ ಪುಟ್ಟ ಹರಳು, ಮೇಲೆ ಸಕ್ಕರೆ ಜಾತಿಯ ಪಾಲಿಮರ್ ಹೊದಿಕೆ; ಎರಡೂ ಸೇರಿ 17ರಿಂದ 31 ನ್ಯಾನೋಮೀಟರ್. ಸ್ಕ್ಯಾನರಿನ ಕ್ಷೇತ್ರದೊಳಗೆ ಹೋದಾಗ ಮಾತ್ರ ಕಾಂತತ್ವ ತೋರಿಸಿ, ಹೊರಗೆ ಬಂದ ಕೂಡಲೇ ಬಿಟ್ಟುಬಿಡುವ ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಗುಣ ಇದರದ್ದು.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಇವತ್ತು ಕೊಟ್ಟು ನಾಳೆ ಮತ್ತೆ ಸ್ಕ್ಯಾನ್ ಮಾಡುವ ಅನುಕೂಲ ಇದ್ದರೆ ಗಡ್ಡೆ ನೋಡಲು ಇದಕ್ಕೆ ಸಾಟಿ ಕಡಿಮೆ. ಅರ್ಧ ಗಂಟೆಯಲ್ಲಿ ರೋಗಿಯನ್ನು ಕಳಿಸಬೇಕಾದ ಮಾಮೂಲಿ ಸ್ಕ್ಯಾನ್‌ಗೆ ಇದು ತಪ್ಪು ಆಯ್ಕೆ. ಮತ್ತು ಇದರ ಬಗ್ಗೆ ಎಲ್ಲರೂ ಹೊಗಳುವ "ಬಯೋಡಿಗ್ರೇಡಬಲ್" ಎಂಬ, ಮೈಯೊಳಗೇ ಕರಗುವ ಗುಣವನ್ನು ಸ್ವಲ್ಪ ಬಿಡಿಸಿ ನೋಡದೆ ಒಪ್ಪಬಾರದು.

ಕರಗುವುದು ಎಂದರೆ ಯಾವ ಅರ್ಥದಲ್ಲಿ

ಆ ಒಂದು ಪದದಡಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಆಲ್ಬುಮಿನ್ ಕಣ ಒಂದು ಪ್ರೋಟೀನ್. ಜೀವಕೋಶ ಅದನ್ನು ನುಂಗಿ ಅಮೈನೋ ಆಮ್ಲ ಮಾಡಿಕೊಳ್ಳುತ್ತದೆ, ಲೆಕ್ಕ ಅಲ್ಲಿಗೆ ಚುಕ್ತಾ. ತೀರಾ ಸಣ್ಣ ಸಿಲಿಕಾ ಮತ್ತು ಪಾಲಿಸಿಲೋಕ್ಸೇನ್ ಕಣಗಳು ಇಡಿಯಾಗಿಯೋ ನಿಧಾನ ಒಡೆದೋ ಮೂತ್ರದ ದಾರಿ ಹಿಡಿಯುತ್ತವೆ. ಐರನ್ ಆಕ್ಸೈಡ್ ಈ ಎರಡೂ ಅಲ್ಲ. ಅದು ಕರಗುತ್ತದೆ, ಆದರೆ ಹೊರಗೆ ಹೋಗುವುದಿಲ್ಲ. ಮೈಯ ಕಬ್ಬಿಣದ ಖಾತೆಗೆ ಜಮಾ ಆಗುತ್ತದೆ.

ದಾರಿ ಹೀಗಿದೆ. ರಕ್ತದಲ್ಲಿ ಸುತ್ತುವ ಕಣಗಳನ್ನು ಲಿವರ್, ಗುಲ್ಮ, ಮೂಳೆಮಜ್ಜೆಗಳಲ್ಲಿರುವ, ಕಸ ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳು ನುಂಗುತ್ತವೆ. ಕೋಶದೊಳಗಿನ ಜೀರ್ಣಚೀಲವಾದ ಲೈಸೋಸೋಮ್‌ನಲ್ಲಿ ಪಿಎಚ್ 4.5ರಿಂದ 5ರ ಆಮ್ಲೀಯ ವಾತಾವರಣ. ಅಲ್ಲಿ ಹೊದಿಕೆ ಕಳಚಿ ಹರಳು ಸವೆಯುತ್ತದೆ. ಬಿಡುಗಡೆಯಾದ ಕಬ್ಬಿಣ ಫೆರಿಟಿನ್ ಎಂಬ ಪ್ರೋಟೀನ್‌ನಲ್ಲಿ ಕೂಡಿಡಲ್ಪಟ್ಟು, ಬೇಕಾದಾಗ ಅದನ್ನು ಸಾಗಿಸುವ ಟ್ರಾನ್ಸ್‌ಫೆರಿನ್ ಏರಿ ಮಜ್ಜೆಗೆ ಹೋಗಿ ಹೊಸ ಹಿಮೋಗ್ಲೋಬಿನ್ ಆಗುತ್ತದೆ. ಕಾಂಟ್ರಾಸ್ಟ್ ಏಜೆಂಟ್ ಒಂದು ಕೊನೆಗೆ ರೋಗಿಯ ಕೆಂಪು ರಕ್ತಕಣವಾಗುವುದು ಸೊಗಸಾದ ರಸಾಯನಶಾಸ್ತ್ರವೇ.

ಆದರೆ ಖಾತೆಯ ಇನ್ನೊಂದು ಪುಟ ನೋಡಿ. ವಯಸ್ಕರ ಮೈಯಲ್ಲಿ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ. ಹೆಚ್ಚಾದದ್ದನ್ನು ಹೊರಹಾಕುವ ಬೇರೆ ವ್ಯವಸ್ಥೆಯೇ ದೇಹಕ್ಕಿಲ್ಲ. ಚರ್ಮ, ಕರುಳಿನ ಒಳಪದರ ಉದುರುವಾಗ ದಿನಕ್ಕೆ 1-2 ಮಿಗ್ರಾಂ ಹೋದರೆ ಹೋಯಿತು. ಒಂದು ಯೂನಿಟ್ ರಕ್ತದಲ್ಲಿ 200ರಿಂದ 250 ಮಿಗ್ರಾಂ ಕಬ್ಬಿಣ ಇರುತ್ತದೆ. ಆ ಲೆಕ್ಕಕ್ಕೆ ಒಂದು ಪೂರ್ತಿ ವಯಲ್ ಎಂದರೆ ಎರಡು ಯೂನಿಟ್ ರಕ್ತ ಏರಿಸಿದ ಹಾಗೆ. ಕಬ್ಬಿಣದ ಕೊರತೆಯಿಂದ ಬಳಲುವ ಕ್ಯಾನ್ಸರ್ ರೋಗಿಗೆ ಇದು ಲಾಭ. ಆದರೆ ಕೀಮೋ ನಡುವೆ ಹತ್ತಾರು ಸಲ ರಕ್ತ ಹಾಕಿಸಿಕೊಂಡವರ ಹಿಮೋಗ್ಲೋಬಿನ್ ಕಡಿಮೆ ಇದ್ದರೂ ಕಬ್ಬಿಣ ತುಂಬಿ ತುಳುಕುತ್ತಿರುತ್ತದೆ. "ಹೇಗೂ ರಕ್ತಹೀನತೆ ಇದೆಯಲ್ಲ, ಒಳ್ಳೆಯದೇ ಆಯಿತು" ಎಂದು ಅಂಥವರಿಗೆ ಕೊಡುವುದು ತಪ್ಪು. ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎರಡನ್ನೂ ಮೊದಲೇ ನೋಡಿ. ಮೊದಲೇ ಎಂದು ಒತ್ತಿ ಹೇಳಲು ಕಾರಣ ಇದೆ: ಇಂಜೆಕ್ಷನ್ ಆದ 24 ಗಂಟೆವರೆಗೆ ಲ್ಯಾಬ್ ಯಂತ್ರ ಕಣದೊಳಗಿನ ಕಬ್ಬಿಣವನ್ನೂ ಸೇರಿಸಿ ಎಣಿಸಿ, ಸೀರಮ್ ಕಬ್ಬಿಣವನ್ನು ಇಲ್ಲದಷ್ಟು ಹೆಚ್ಚು ತೋರಿಸಬಹುದು. ಮೈಯಲ್ಲಿ ಕಬ್ಬಿಣ ಅತಿಯಾಗಿ ಸೇರುವ ಹಿಮೋಕ್ರೊಮಟೋಸಿಸ್ ಕಾಯಿಲೆ ಇದ್ದವರಿಗಂತೂ ಬೇಡವೇ ಬೇಡ.

ಹಾಗಿದ್ದರೂ ಜನ ಇದರತ್ತ ತಿರುಗಿದ್ದೇಕೆ? ಎಂಆರ್‌ಐಯ ಮಾಮೂಲಿ ಕಾಂಟ್ರಾಸ್ಟ್‌ನಲ್ಲಿರುವ ಗ್ಯಾಡೊಲಿನಿಯಮ್ ಮೈಗೆ ಸೇರಿದ ಧಾತುವಲ್ಲ, ಅದಕ್ಕೆ ದೇಹದಲ್ಲಿ ಖಾತೆಯೇ ಇಲ್ಲ. ಕಿಡ್ನಿ ಕೆಟ್ಟವರಲ್ಲಿ ಚರ್ಮ, ಕೀಲು ಬಿಗಿದುಕೊಳ್ಳುವ ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್‌ಗೂ ಗ್ಯಾಡೊಲಿನಿಯಮ್‌ಗೂ ನಂಟಿದೆ ಎಂದು 2006ರಲ್ಲಿ ಗೊತ್ತಾಯಿತು. ಮತ್ತೆ ಮತ್ತೆ ಕಾಂಟ್ರಾಸ್ಟ್ ಪಡೆದವರ ಮಿದುಳಿನಲ್ಲಿ ಅದು ಉಳಿಯುವುದೂ ಮುಂದೆ ವರದಿಯಾಯಿತು. 2017ರಲ್ಲಿ ಯುರೋಪಿನ ಔಷಧ ಸಂಸ್ಥೆ ಸರಪಳಿ ಮಾದರಿಯ ಕೆಲವು ಗ್ಯಾಡೊಲಿನಿಯಮ್ ಏಜೆಂಟ್‌ಗಳನ್ನು ಅಮಾನತಿನಲ್ಲಿಟ್ಟಿತು. ಕಿಡ್ನಿ ಕೈಕೊಟ್ಟ ರೋಗಿಯ ಗಡ್ಡೆಯನ್ನು ನೋಡಲೇಬೇಕು ಎಂಬ ಸಂದರ್ಭದಲ್ಲಿ ಫೆರುಮಾಕ್ಸಿಟಾಲ್ ನೆನಪಾಗುವುದು ಸಹಜ. ಅದು ಹೊರಹೋಗಲು ಕಿಡ್ನಿಯನ್ನು ಕಾಯುವುದಿಲ್ಲ.

ಲ್ಯಾಬ್‌ಗೆ ತರಿಸುವ ಕಣಗಳ ಬಗ್ಗೆ ಒಂದಿಷ್ಟು

ಸಂಶೋಧನೆಗೆಂದು ಮಾರುವ ಐರನ್ ಆಕ್ಸೈಡ್ ಅಥವಾ ಪಿಎಲ್‌ಜಿಎ (ಒಳಗೆ ಹೊಳೆಯುವ ಬಣ್ಣ ತುಂಬಬಹುದಾದ, ಕರಗುವ ಪಾಲಿಮರ್) ಕಣಗಳ ಡಬ್ಬಿಯ ಮೇಲೂ ಇದೇ ಬಯೋಡಿಗ್ರೇಡಬಲ್ ಚೀಟಿ ಇರುತ್ತದೆ. ಪರೀಕ್ಷೆ ಕಷ್ಟವಿಲ್ಲ. 20 ಮಿಲಿಮೋಲಾರ್ ಸಿಟ್ರೇಟ್ ಬಫರ್ ಪಿಎಚ್ 4.5ಕ್ಕೆ ಹೊಂದಿಸಿ, ಇನ್ನೊಂದು ಟ್ಯೂಬಿನಲ್ಲಿ ಪಿಎಚ್ 7.4ರ ಬಫರ್ ಇಟ್ಟು, ಎರಡಕ್ಕೂ ಒಂದೇ ಪ್ರಮಾಣದ ಕಣ ಹಾಕಿ 37 ಡಿಗ್ರಿಯಲ್ಲಿಡಿ. ಆಮ್ಲದ ಟ್ಯೂಬಿನ ಕಪ್ಪುಕಂದು ದಿನೇದಿನೇ ತಿಳಿಯಾಗಿ ಹಳದಿಗೆ ತಿರುಗಬೇಕು, ಜೊತೆಗೆ ಟಿ2 (ಎಂಆರ್ ಸಿಗ್ನಲ್ ಆರಲು ಹಿಡಿಯುವ ಕಾಲ) ಉದ್ದವಾಗುತ್ತ ಹೋಗಬೇಕು. 7.4ರ ಟ್ಯೂಬು ಬಣ್ಣ ಬಿಡಬಾರದು. ಎರಡೂ ಬದಲಾಗದಿದ್ದರೆ ಹೊದಿಕೆ ವಿಪರೀತ ಗಟ್ಟಿ, ಮೈಯೊಳಗೂ ಬಹುಕಾಲ ಕೂರುತ್ತದೆ ಎಂದುಕೊಳ್ಳಿ. ಎರಡೂ ಕೆಟ್ಟರೆ ಕಣ ರಕ್ತದಲ್ಲೇ ಬಿಚ್ಚಿಕೊಂಡು ಬಿಡಿ ಕಬ್ಬಿಣ ಚೆಲ್ಲುತ್ತದೆ. ಅದು ಇನ್ನೂ ಅಪಾಯ.

ಪಿಎಲ್‌ಜಿಎ ವಿಷಯದಲ್ಲಿ ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಭಾಗಗಳ ಅನುಪಾತ ಕೇಳದೆ ಕೊಳ್ಳಬೇಡಿ. 50:50 ಬೇಗ ಒಡೆಯುತ್ತದೆ, 75:25 ನಿಧಾನ. ಒಡೆಯುವಾಗ ಆಮ್ಲ ಹುಟ್ಟುವುದರಿಂದ ಕಣದ ಒಳಗಿನ ಪಿಎಚ್ ಹೊರಗಿನದಕ್ಕಿಂತ ಕೆಳಗಿಳಿದು, ಒಳಗಿಟ್ಟ ಬಣ್ಣದ ಪ್ರಕಾಶ ಅಲ್ಲೇ ಕುಗ್ಗಬಹುದು. ಇನ್ನೊಂದು ಸಾಮಾನ್ಯ ಎಡವಟ್ಟು ಮೊದಲ ಕೆಲವು ಗಂಟೆಗಳಲ್ಲೇ ಬಣ್ಣ ಭಸಕ್ಕನೆ ಸೋರುವುದು. ಆಗ ಗಡ್ಡೆಯಲ್ಲಿ ಹೊಳೆಯುತ್ತಿರುವುದು ಕಣವಲ್ಲ, ಕಣ ಬಿಟ್ಟು ಓಡಿದ ಬಣ್ಣ. ಖಾಲಿ ಬಣ್ಣವನ್ನಷ್ಟೇ ಕೊಟ್ಟ ಹೋಲಿಕೆಯ ಗುಂಪು ಇಲ್ಲದ ಚಿತ್ರಗಳನ್ನು ನಂಬಬೇಡಿ.

ಫ್ರೀಜ್-ಡ್ರೈ ಮಾಡಿದ ಪುಡಿಯಾದರೆ ಟ್ರೆಹಲೋಸ್ ಅಥವಾ ಸುಕ್ರೋಸ್ ಸೇರಿಸಿದ್ದಾರೆಯೇ ನೋಡಿ. ಇಲ್ಲದಿದ್ದರೆ ನೀರು ಹಾಕಿದಾಗ ಕಣಗಳು ಬಿಡಿಸಿಕೊಳ್ಳದೆ ಗಂಟುಗಂಟಾಗಿಯೇ ಉಳಿಯುತ್ತವೆ. ಗಾತ್ರವನ್ನು ಡಿಎಲ್‌ಎಸ್‌ನಲ್ಲಿ (ಬೆಳಕು ಚದುರುವುದನ್ನು ನೋಡಿ ಅಳೆಯುವ ವಿಧಾನ) ನೀರಲ್ಲಷ್ಟೇ ಅಲ್ಲ, ಸೀರಮ್‌ನಲ್ಲೂ ಅಳೆಯಿರಿ. ನೀರಲ್ಲಿ 30 ನ್ಯಾನೋಮೀಟರ್ ಇದ್ದದ್ದು ಪ್ರೋಟೀನ್ ಮೆತ್ತಿಕೊಂಡು 150 ಆದರೆ ಅದು ಗಡ್ಡೆ ತಲುಪುವ ಮೊದಲೇ ಲಿವರ್ ಪಾಲು. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆಯಲ್ಲೂ ಒಂದು ಮೋಸ ಇದೆ: ಐರನ್ ಆಕ್ಸೈಡ್‌ನ ಗಾಢ ಬಣ್ಣ, ಬಣ್ಣ ನೋಡಿ ಫಲಿತಾಂಶ ಹೇಳುವ ವಿಧಾನವನ್ನೇ ದಾರಿ ತಪ್ಪಿಸುತ್ತದೆ. ಗೊತ್ತಿರುವಷ್ಟು ಎಂಡೋಟಾಕ್ಸಿನ್ ಬೆರೆಸಿ ಅದು ಪೂರ್ತಿ ಲೆಕ್ಕಕ್ಕೆ ಸಿಗುತ್ತದೆಯೇ ಎಂದು ಪರೀಕ್ಷಿಸದ ಪ್ರಮಾಣಪತ್ರ ಕಾಗದ ಅಷ್ಟೆ.

ಡೋಸಿನ ಲೆಕ್ಕ, ಡ್ರಿಪ್ಪಿನ ಲೆಕ್ಕ

ಮತ್ತೆ ಫೆರುಮಾಕ್ಸಿಟಾಲ್‌ಗೆ. ಚಿತ್ರಣದ ಡೋಸನ್ನು ಕಬ್ಬಿಣದ ತೂಕದಲ್ಲಿ ಹೇಳುತ್ತಾರೆ, ದ್ರವದ ಮಿಲೀಯಲ್ಲಲ್ಲ. 60 ಕೆಜಿಯ ವ್ಯಕ್ತಿಗೆ ಕೆಜಿಗೆ 4 ಮಿಗ್ರಾಂ ಎಂದರೆ 240 ಮಿಗ್ರಾಂ, ಅಂದರೆ 8 ಮಿಲೀ. ಉಳಿದದ್ದನ್ನು ಮುಂದಿನ ರೋಗಿಗೆಂದು ಎತ್ತಿಡುವಂತಿಲ್ಲ.

ಇಲ್ಲಿ ಎಡವುವುದು ಸಲೈನ್ ಚೀಲದಲ್ಲಿ. ಲೇಬಲ್ ಪ್ರಕಾರ 50ರಿಂದ 200 ಮಿಲೀ ಸಲೈನ್ ಅಥವಾ 5% ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಬೇಕು. ಆದರೆ ಆ ಮಾತು ಪೂರ್ತಿ 510 ಮಿಗ್ರಾಂ ಡೋಸಿಗೆ ಹೇಳಿದ್ದು. ಬೆರೆಸಿದ ದ್ರವ ಹಾಳಾಗದೆ ಉಳಿಯುತ್ತದೆ ಎಂಬ ಭರವಸೆ ಇರುವುದು ಮಿಲೀಗೆ 2ರಿಂದ 8 ಮಿಗ್ರಾಂ ಕಬ್ಬಿಣದ ಮಿತಿಯೊಳಗೆ ಮಾತ್ರ. ಆಗಲೂ ಕೋಣೆಯ ಉಷ್ಣತೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 48 ಗಂಟೆ. 8 ಮಿಲೀಯನ್ನು 100 ಮಿಲೀ ಚೀಲಕ್ಕೆ ಹಾಕಿದರೆ 108ರಲ್ಲಿ 240, ಮಿಲೀಗೆ 2.2 ಮಿಗ್ರಾಂ, ಸರಿ. ಕೈಗೆ ಸಿಕ್ಕಿತೆಂದು 200 ಮಿಲೀ ಚೀಲಕ್ಕೆ ಹಾಕಿದರೆ 1.15ಕ್ಕೆ ಇಳಿದು ಮಿತಿಯ ಹೊರಗೆ ಹೋಯಿತು. ಮಕ್ಕಳ ಡೋಸಿನಲ್ಲಿ ಈ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ. ಅದೇ ಚೀಲಕ್ಕೆ ಬೇರೆ ಔಷಧಿ ಬೆರೆಸಬೇಡಿ.

ವೇಗ: ಕನಿಷ್ಠ 15 ನಿಮಿಷ. 108 ಮಿಲೀಗೆ ಅದು ಗಂಟೆಗೆ 432 ಮಿಲೀ. ಅರ್ಧ ಗಂಟೆ ತೆಗೆದುಕೊಂಡರೆ 216. ಪಂಪ್ ಇಲ್ಲದೆ ಕಣ್ಣಂದಾಜಿನಲ್ಲಿ ಬಿಡುವ ಡ್ರಿಪ್ ಇದಲ್ಲ. ಮುಗಿದ ಮೇಲೆ ಕನಿಷ್ಠ 30 ನಿಮಿಷ ರೋಗಿ ಅಲ್ಲೇ ಇರಬೇಕು, ಬಿಪಿ ಮತ್ತು ನಾಡಿ ನೋಡುತ್ತಿರಬೇಕು.

ಈ ಕಟ್ಟುನಿಟ್ಟಿಗೆ ಕಾರಣ 2015ರ ಎಚ್ಚರಿಕೆ. ಅನುಮತಿ ಸಿಕ್ಕ ಮೇಲೆ 79 ಅನಾಫಿಲ್ಯಾಕ್ಸಿಸ್ (ಜೀವಕ್ಕೇ ಎರವಾಗಬಲ್ಲ ತೀವ್ರ ಅಲರ್ಜಿ) ಪ್ರಕರಣಗಳು, ಅವುಗಳಲ್ಲಿ 18 ಸಾವು ದಾಖಲಾದದ್ದನ್ನು ಎಫ್‌ಡಿಎ ಪ್ರಕಟಿಸಿ, ಲೇಬಲ್‌ಗೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿತು. ಅದುವರೆಗೆ ಇದ್ದ ಸೀದಾ ಸಿರಿಂಜಿನಲ್ಲಿ ಕೊಡುವ ಪದ್ಧತಿಯನ್ನು ಕೈಬಿಡಿಸಿತು. ಮೊದಲ ಅಧ್ಯಯನಗಳಲ್ಲಿ 1,726 ಜನರಲ್ಲಿ 3 ಮಂದಿಗೆ ಗಂಭೀರ ಅಲರ್ಜಿ ಆಗಿತ್ತು, ಅಂದರೆ 0.2%. ಚಿತ್ರಣಕ್ಕೆಂದೇ ಬಳಸಿದ ಹಲವು ಕೇಂದ್ರಗಳ ದಾಖಲೆಯಲ್ಲಿ 4,240 ಇಂಜೆಕ್ಷನ್‌ಗಳಲ್ಲಿ ಪ್ರಾಣಕ್ಕೆ ಕುತ್ತು ತಂದದ್ದು ಒಂದೂ ಇಲ್ಲ ಎಂಬುದು ಸಮಾಧಾನದ ಸುದ್ದಿ, ಆದರೆ ಸಮಾಧಾನ ಎಷ್ಟಿದ್ದರೂ ಅಡ್ರಿನಲಿನ್ ಸೇದಿಟ್ಟ ಟ್ರೇ ಪಕ್ಕದಲ್ಲಿರಬೇಕು. ಆಯಸ್ಕಾಂತದ ಕೋಣೆಯೊಳಗೆ ಡ್ರಿಪ್ ಹಾಕುವ ಚಪಲ ಬೇಡ: ಬೋರ್ ಎಂಬ ಯಂತ್ರದ ಕೊಳವೆಯೊಳಗೆ ಮಲಗಿದವರ ಮುಖ ಕೆಂಪಾದದ್ದು, ಉಬ್ಬಸ ಬಂದದ್ದು ಹೊರಗಿನವರಿಗೆ ಕಾಣುವುದಿಲ್ಲ, ಆಮ್ಲಜನಕದ ಉಕ್ಕಿನ ಸಿಲಿಂಡರ್ ಒಳಗೆ ಒಯ್ಯುವಂತೆಯೂ ಇಲ್ಲ. ಡೇ-ಕೇರ್ ಹಾಸಿಗೆಯಲ್ಲಿ ಮುಗಿಸಿ, ಆಮೇಲೆ ಸ್ಕ್ಯಾನ್‌ಗೆ ಕಳಿಸಿ. ಹಿಂದೆ ಯಾವುದೇ ಕಬ್ಬಿಣದ ಇಂಜೆಕ್ಷನ್‌ಗೆ ಅಲರ್ಜಿ ಆದವರಿಗೆ ಇದು ನಿಷಿದ್ಧ.

ಚಿತ್ರ: ಯಾವಾಗ ಬೆಳಗುತ್ತದೆ, ಯಾವಾಗ ಕಪ್ಪಾಗುತ್ತದೆ

ಒಂದೇ ಏಜೆಂಟ್ ಒಂದು ಸೀಕ್ವೆನ್ಸ್‌ನಲ್ಲಿ (ಚಿತ್ರ ತೆಗೆಯುವ ಕ್ರಮದಲ್ಲಿ) ಬಿಳಿ, ಇನ್ನೊಂದರಲ್ಲಿ ಕಪ್ಪು. ಇದು ಗೊಂದಲವಲ್ಲ, ಲೆಕ್ಕ. 1.5 ಟೆಸ್ಲಾದಲ್ಲಿ ಇದರ ಆರ್1 (ಸಿಗ್ನಲ್ ಮರಳಿ ತುಂಬುವ ಕಾಲವಾದ ಟಿ1ಅನ್ನು ಕಿರಿದಾಗಿಸಿ ಬೆಳಗಿಸುವ ಬಲ) ಸುಮಾರು 15, ಆರ್2 (ಟಿ2ಅನ್ನು ಕಿರಿದಾಗಿಸಿ ಕಪ್ಪಾಗಿಸುವ ಬಲ) ಸುಮಾರು 89. ಸಾಮಾನ್ಯ ಗ್ಯಾಡೊಲಿನಿಯಮ್ ಏಜೆಂಟಿನ ಆರ್1 ಸುಮಾರು 4. ಮೇಲಿನ 240 ಮಿಗ್ರಾಂ ಎಂದರೆ 4.3 ಮಿಲಿಮೋಲ್ ಕಬ್ಬಿಣ, 4.2 ಲೀಟರ್ ರಕ್ತದಲ್ಲಿ ಹಂಚಿದರೆ ಲೀಟರಿಗೆ ಹತ್ತಿರಹತ್ತಿರ 1 ಮಿಲಿಮೋಲ್. ಆಗ ರಕ್ತದ ಟಿ1 ಸುಮಾರು 65 ಮಿಲಿಸೆಕೆಂಡ್, ಟಿ2 ಸುಮಾರು 11. ಟಿಇ, ಅಂದರೆ ಸಿಗ್ನಲ್ ಹಿಡಿಯುವ ಮೊದಲು ಕಾಯುವ ಹೊತ್ತು, 1 ಮಿಲಿಸೆಕೆಂಡ್ ಇಟ್ಟರೆ ಸಿಗ್ನಲ್‌ನ ಶೇ. 90ರಷ್ಟು ಉಳಿಯುತ್ತದೆ, ರಕ್ತನಾಳ ದೀಪದಂತೆ ಬೆಳಗುತ್ತದೆ. ಟಿಇ 20ಕ್ಕೆ ಹೋದರೆ ಶೇ. 16ರಷ್ಟೂ ಕಷ್ಟ, ಅದೇ ನಾಳ ಇದ್ದಿಲು. ಕಬ್ಬಿಣಕ್ಕೆ ಹೆಚ್ಚು ಸೂಕ್ಷ್ಮವಾದ ಗ್ರೇಡಿಯಂಟ್ ಎಕೋ ಸೀಕ್ವೆನ್ಸ್‌ನಲ್ಲಿ ಇನ್ನೂ ಕಪ್ಪು. "ಕಾಂಟ್ರಾಸ್ಟ್ ಕೊಟ್ಟರೂ ಬೆಳಗಲಿಲ್ಲ" ಎಂಬ ದೂರುಗಳ ಮೂಲ ಬಹುಪಾಲು ಇಲ್ಲೇ: ಗ್ಯಾಡೊಲಿನಿಯಮ್‌ಗೆ ಹೊಂದಿಸಿದ ಪ್ರೋಟೋಕಾಲನ್ನು ಟಿಇ ಮುಟ್ಟದೆ ಹಾಗೇ ಓಡಿಸಿರುತ್ತಾರೆ. ಬೆಳಗಲಿಲ್ಲವೆಂದು ಡೋಸ್ ಹೆಚ್ಚಿಸಿದರೆ ಇನ್ನಷ್ಟು ಕಪ್ಪಾಗುತ್ತದೆ.

ರಕ್ತದಲ್ಲಿ ಅರ್ಧಾಯುಷ್ಯ ಸುಮಾರು 15 ಗಂಟೆ. 24 ಗಂಟೆಯ ಹೊತ್ತಿಗೂ ಮೂರರಲ್ಲೊಂದು ಪಾಲು ರಕ್ತದಲ್ಲೇ ಸುತ್ತುತ್ತಿರುತ್ತದೆ. ಮೂರು ದಿನಕ್ಕೆ ಶೇ. 4ಕ್ಕಿಂತ ಕೆಳಗೆ. ಇಷ್ಟು ಹೊತ್ತು ನಾಳದಲ್ಲಿ ಉಳಿಯುವುದೇ ಇದರ ನಿಜವಾದ ಬಲ. ಗ್ಯಾಡೊಲಿನಿಯಮ್ ನಿಮಿಷಗಳಲ್ಲಿ ಎಲ್ಲ ಕಡೆ ಸೋರುತ್ತದೆ. ಇದು ದೊಡ್ಡ ಕಣವಾದ್ದರಿಂದ ಮೊದಲು ನಾಳದೊಳಗೇ ಇದ್ದು, ಗಡ್ಡೆಯ ಸೋರುವ ನಾಳಗಳಿಂದ ನಿಧಾನ ಜಿನುಗುತ್ತದೆ. ಮಿದುಳಿನ ಗಡ್ಡೆಯಲ್ಲಿ ಟಿ1 ಚಿತ್ರ ಚೆನ್ನಾಗಿ ಬೆಳಗುವುದು ಸುಮಾರು 24 ಗಂಟೆಗೆ. ಆ ಹೊತ್ತಿಗೆ ಗಡ್ಡೆಯ ಅಂಚಿನ ಮ್ಯಾಕ್ರೋಫೇಜ್‌ಗಳೂ ಒಂದಷ್ಟು ನುಂಗಿರುತ್ತವೆ. ಕೋಶದೊಳಗೆ ಒತ್ತೊತ್ತಾಗಿ ಸೇರಿದ ಕಣಕ್ಕೆ ನೀರಿನ ಸಂಪರ್ಕ ಕಡಿಮೆಯಾಗಿ ಟಿ1 ಬೆಳಕು ಕುಂದುತ್ತದೆ, ಟಿ2-ಸ್ಟಾರ್ ಕಪ್ಪು (ಗ್ರೇಡಿಯಂಟ್ ಎಕೋದಲ್ಲಿ ಕಾಣುವಂಥದ್ದು) ಮಾತ್ರ ಉಳಿಯುತ್ತದೆ. ಆದ್ದರಿಂದ ಗ್ಯಾಡೊಲಿನಿಯಮ್ ಚಿತ್ರದ ಗಡ್ಡೆಯ ಅಂಚೂ ಇದರ ಅಂಚೂ ಒಂದೇ ಆಗಿರಬೇಕಿಲ್ಲ. ಹಳೆಯ ಸ್ಕ್ಯಾನಿನ ಜೊತೆ ಅಳತೆ ಹೋಲಿಸಿ "ದೊಡ್ಡದಾಗಿದೆ" ಎಂದು ಬರೆದುಬಿಡಬೇಡಿ.

ರೇಡಿಯೇಷನ್ ಆದ ಮೇಲೆ ಕಾಣುವ ಊತ ಗಡ್ಡೆಯದೋ, ಚಿಕಿತ್ಸೆಯ ಪರಿಣಾಮವೋ ಎಂಬ ಪ್ರಶ್ನೆಗೆ ಈ ಏಜೆಂಟಿನ ರಕ್ತಪ್ರಮಾಣದ ನಕ್ಷೆ ತುಂಬ ಸಹಾಯಕ, ಏಕೆಂದರೆ ಕೊಟ್ಟ ಹೊಸತರಲ್ಲಿ ಇದು ನಾಳದೊಳಗೇ ಇರುವುದರಿಂದ ಸೋರಿಕೆಯ ಗಲಾಟೆ ಇಲ್ಲ. ಆದರೆ ಇಲ್ಲೊಂದು ಜಗ್ಗಾಟ ಇದೆ. ಮಾಮೂಲಿ ಪರ್ಫ್ಯೂಷನ್ (ರಕ್ತಹರಿವಿನ) ಚಿತ್ರಕ್ಕೆ ಕೆಲವೇ ಸೆಕೆಂಡಿನಲ್ಲಿ ಒಳನುಗ್ಗುವ ಬೋಲಸ್, ಅಂದರೆ ಒಂದೇ ಬಾರಿಗೆ ಕೊಡುವ ಡೋಸ್ ಬೇಕು. 2015ರ ನಿಯಮ 15 ನಿಮಿಷಕ್ಕಿಂತ ಬೇಗ ಕೊಡಬೇಡ ಎನ್ನುತ್ತದೆ. ಸುರಕ್ಷತೆಯನ್ನು ಬಿಟ್ಟು ಬೋಲಸ್ ಹಿಂದೆ ಹೋಗುವ ಅಗತ್ಯವಿಲ್ಲ. ಡ್ರಿಪ್ಪಿಗೆ ಮೊದಲು ಒಂದು, ಮುಗಿದ ಮೇಲೆ ಒಂದು ಬಹು-ಎಕೋ ಗ್ರೇಡಿಯಂಟ್ ಎಕೋ ಓಡಿಸಿ ಎರಡರ ವ್ಯತ್ಯಾಸ ತೆಗೆದರೆ ಸ್ಥಿರಸ್ಥಿತಿಯ ರಕ್ತಪ್ರಮಾಣದ ನಕ್ಷೆ ಸಿಗುತ್ತದೆ. ಏಜೆಂಟ್ ರಕ್ತದಲ್ಲಿ ಕದಲದೆ ಇರುವುದರಿಂದ ನಿಧಾನವಾಗಿ, ಹೆಚ್ಚು ಸ್ಪಷ್ಟತೆಯಲ್ಲಿ ತೆಗೆಯಬಹುದು. ಮೊದಲ ಸ್ಕ್ಯಾನ್ ಮರೆತರೆ ಮಾತ್ರ ಏನೂ ಮಾಡಲಾಗದು.

ಮೊದಲ ಸ್ಕ್ಯಾನ್ ಬೇಕೇಬೇಕು ಎನ್ನಲು ಇನ್ನೂ ಒಂದು ಕಾರಣ. ಗಡ್ಡೆಯೊಳಗಿನ ಹಳೆಯ ರಕ್ತಸ್ರಾವವೂ ಗ್ರೇಡಿಯಂಟ್ ಎಕೋದಲ್ಲಿ ಕಪ್ಪೇ. ಸುಣ್ಣಗಟ್ಟಿದ ಭಾಗವೂ ಕಪ್ಪೇ. ಕಾಂಟ್ರಾಸ್ಟ್ ಆದ ಮೇಲಿನ ಚಿತ್ರ ಒಂದನ್ನೇ ಹಿಡಿದು ಯಾವ ಕಪ್ಪು ಯಾವುದು ಎಂದು ಯಾರೂ ಹೇಳಲಾರರು.

ದುಗ್ಧಗ್ರಂಥಿಯ ವಿಷಯದಲ್ಲಿ ಓದುವ ಕ್ರಮವೇ ತಿರುಗುಮುರುಗು. ಆರೋಗ್ಯವಂತ ಗ್ರಂಥಿಯ ಮ್ಯಾಕ್ರೋಫೇಜ್‌ಗಳು ಕಣ ನುಂಗಿ ಕಪ್ಪಾಗುತ್ತವೆ. ಕ್ಯಾನ್ಸರ್ ಆಕ್ರಮಿಸಿದ ಜಾಗದಲ್ಲಿ ಅವು ಇಲ್ಲ, ಅದು ಬಿಳಿಯಾಗೇ ಉಳಿಯುತ್ತದೆ. ಈ ವಿಧಾನಕ್ಕೆ ಹೆಸರು ತಂದದ್ದು ಇದರ ದಾಯಾದಿ ಫೆರುಮಾಕ್ಸ್‌ಟ್ರಾನ್-10. 2003ರಲ್ಲಿ ಪ್ರಕಟವಾದ, 80 ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಅಧ್ಯಯನದಲ್ಲಿ ಗ್ರಂಥಿ-ಗ್ರಂಥಿ ಲೆಕ್ಕದಲ್ಲಿ ಪತ್ತೆಯ ಪ್ರಮಾಣ ಸಾದಾ ಎಂಆರ್‌ಐಯ ಶೇ. 35.4ರಿಂದ ಶೇ. 90.5ಕ್ಕೆ ಏರಿತು. ಕೆಜಿಗೆ 2.6 ಮಿಗ್ರಾಂ ಕೊಟ್ಟು, ಸುಮಾರು ಒಂದು ದಿನ ಬಿಟ್ಟು ಸ್ಕ್ಯಾನ್. ಇಷ್ಟಾಗಿಯೂ ಆ ಏಜೆಂಟ್ ಮಾರುಕಟ್ಟೆಯ ಅನುಮತಿ ದಾಟಲಿಲ್ಲ. ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿ ಅದನ್ನು ಮತ್ತೆ ಬಳಕೆಗೆ ತಂದಿದ್ದಾರೆ. ಆ ಅಂಕಿಯನ್ನು ಫೆರುಮಾಕ್ಸಿಟಾಲ್ ಹೆಸರಿಗೆ ಬರೆಯುವವರಿದ್ದಾರೆ. ತಪ್ಪು. ಎರಡರ ಹೊದಿಕೆಯೂ ಬೇರೆ, ರಕ್ತದಲ್ಲಿ ಉಳಿಯುವ ಹೊತ್ತೂ ಬೇರೆ.

ಗ್ರಂಥಿ ಓದುವಾಗ ಕಾಡುವವು ಎರಡು. ಗ್ರಂಥಿಯ ನಡುವಿನ ಕೊಬ್ಬು ಕಣ ನುಂಗುವುದಿಲ್ಲ, ಬಿಳಿ ಕಾಣುತ್ತದೆ. ಕೊಬ್ಬು ಅಡಗಿಸಿದ ಟಿ1 ಚಿತ್ರವನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ ಅದೇ ಕ್ಯಾನ್ಸರ್ ಆಗಿಬಿಡುತ್ತದೆ. ಕರುಳಿನ ಗಾಳಿ ಟಿ2-ಸ್ಟಾರ್‌ನಲ್ಲಿ ಅಕ್ಕಪಕ್ಕದ ಗ್ರಂಥಿಗಳನ್ನೂ ಕಪ್ಪಾಗಿಸಿ "ಆರೋಗ್ಯವಾಗಿದೆ" ಎಂದು ಸುಳ್ಳು ಹೇಳಿಸುತ್ತದೆ. ಇದು ಮೊದಲನೆಯದಕ್ಕಿಂತ ಅಪಾಯ.

ಇನ್ನು "ಗಡ್ಡೆಯನ್ನೇ ಹುಡುಕಿಕೊಂಡು ಹೋಗುತ್ತದೆ" ಎಂಬ ಮಾತು. ಫೆರುಮಾಕ್ಸಿಟಾಲ್ ಯಾರನ್ನೂ ಹುಡುಕುವುದಿಲ್ಲ. ಗಡ್ಡೆಯ ನಾಳ ಸೋರುತ್ತದೆ, ಸೋರಿದ್ದು ಉಳಿಯುತ್ತದೆ ಎಂದು 1986ರಲ್ಲಿ ಮತ್ಸುಮುರಾ ಮತ್ತು ಮಯೆಡಾ ತೋರಿಸಿದ ದಾರಿಯಲ್ಲೇ ಇದರ ಪಯಣ. ಹುಡುಕುವ ಅಣುಗಳನ್ನು ಮೈಗೆ ಅಂಟಿಸಿಕೊಂಡ ಕಣಗಳೂ ಹೆಚ್ಚೇನೂ ಮುಂದೆ ಹೋಗಿಲ್ಲ: ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ಕೊಟ್ಟ ನ್ಯಾನೋಕಣಗಳಲ್ಲಿ ಗಡ್ಡೆ ತಲುಪಿದ್ದರ ಮಧ್ಯಮ ಪ್ರಮಾಣ ಶೇ. 0.7 ಮಾತ್ರ. ಉಳಿದ 99 ಚಿಲ್ಲರೆ ಭಾಗ ಎಲ್ಲಿಗೆ ಹೋಯಿತು, ಅಲ್ಲಿ ಕರಗಿತೇ ಎಂಬುದೇ ಈ ಸರಕು ಕೊಳ್ಳುವವರ ಮುಖ್ಯ ಪ್ರಶ್ನೆಯಾಗಬೇಕು.

ಪಕ್ಕದ ಸರಕು

ಸೆಂಟಿನೆಲ್ ಗ್ರಂಥಿ (ಕ್ಯಾನ್ಸರ್ ಹರಡುವಾಗ ಮೊದಲು ತಲುಪುವ ದುಗ್ಧಗ್ರಂಥಿ) ಪತ್ತೆಗೆ ವಿಕಿರಣ ಸೂಸುವ ಟೆಕ್ನೀಷಿಯಮ್ ಅಂಟಿಸಿದ ಆಲ್ಬುಮಿನ್ ನ್ಯಾನೋಕೊಲಾಯ್ಡ್ ನಿಜವಾಗಿ ಜೀರ್ಣವಾಗುವ ಕಣ. ಸದ್ದಿಲ್ಲದೆ ಕೆಲಸ ಮಾಡುತ್ತದೆ, ಹೇಳಲು ಹೆಚ್ಚೇನಿಲ್ಲ. ವಿಕಿರಣ ಬೇಡವೆಂದರೆ ಮ್ಯಾಗ್‌ಟ್ರೇಸ್ ಇದೆ. 2018ರಲ್ಲಿ ಎಫ್‌ಡಿಎ ಒಪ್ಪಿದ ಐರನ್ ಆಕ್ಸೈಡ್. 2 ಮಿಲೀ ಸ್ತನದ ಅಂಗಾಂಶಕ್ಕೆ ಚುಚ್ಚಿ, 20 ನಿಮಿಷದ ನಂತರ ಕಾಂತೀಯ ಪ್ರೋಬ್‌ನಿಂದ ಹುಡುಕುವುದು. ಗಾಯವನ್ನು ಅಗಲಿಸಿ ಹಿಡಿಯುವ ಉಕ್ಕಿನ ರಿಟ್ರಾಕ್ಟರ್ ಪಕ್ಕದಲ್ಲಿದ್ದರೆ ಪ್ರೋಬ್ ಅದಕ್ಕೇ ಕೂಗುತ್ತದೆ, ಪ್ಲಾಸ್ಟಿಕ್ ಸಲಕರಣೆ ಬೇಕು. ಚುಚ್ಚಿದ ಕಡೆ ಚರ್ಮದ ಮೇಲೆ ಕಂದು ಕಲೆ ತಿಂಗಳುಗಟ್ಟಲೆ ನಿಲ್ಲಬಹುದು, ಮುಂದೆ ಸ್ತನದ ಎಂಆರ್‌ಐ ಬೇಕಾದವರಲ್ಲಿ ಆ ಜಾಗ ಕಪ್ಪು ಕುಳಿಯಂತೆ ಬರುತ್ತದೆ. ರಕ್ತಕ್ಕೆ ಕೊಟ್ಟ ಕಣ ಲಿವರ್‌ಗೆ ಹಂಚಿಹೋಗುತ್ತದೆ. ಒಂದೇ ಕಡೆ ಗುಪ್ಪೆಯಾಗಿ ಕೂತದ್ದನ್ನು ಕರಗಿಸಲು ಅಲ್ಲಿ ಅಷ್ಟು ಮ್ಯಾಕ್ರೋಫೇಜ್‌ಗಳಿಲ್ಲ. ಕರಗುವ ವಸ್ತುವೇ ಆದರೂ ಎಲ್ಲಿ ಚುಚ್ಚಿದಿರಿ ಎಂಬುದರ ಮೇಲೆ ಕರಗುವ ಕಾಲ ನಿಂತಿದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಕಾರ್ನೆಲ್‌ನಲ್ಲಿ ಹುಟ್ಟಿದ ಸಿ-ಡಾಟ್‌ಗಳು 6-7 ನ್ಯಾನೋಮೀಟರಿನ ಸಿಲಿಕಾ, ಒಳಗೆ ಹೊಳೆಯುವ ಬಣ್ಣ, ಮೇಲೆ ಪೆಗ್ ಎಂಬ ಪಾಲಿಮರ್ ಹೊದಿಕೆ. ವಿಕಿರಣ ಸೂಸುವ ಅಯೋಡಿನ್-124 ಅಂಟಿಸಿದ್ದನ್ನು ಹರಡಿದ ಮೆಲನೋಮಾ (ಚರ್ಮದ ಕ್ಯಾನ್ಸರ್) ಇದ್ದ 5 ಜನರಿಗೆ ಕೊಟ್ಟ ಮೊದಲ ಫಲಿತಾಂಶ 2014ರಲ್ಲಿ ಬಂತು; ಮುಖ್ಯವಾಗಿ ಮೂತ್ರದಲ್ಲಿ ಹೋಯಿತು. ಅಗ್ಯುಇಕ್ಸ್ ಎಂಬ 5 ನ್ಯಾನೋಮೀಟರ್ ಆಸುಪಾಸಿನ ಪಾಲಿಸಿಲೋಕ್ಸೇನ್ ಕಣ ಮಿದುಳಿಗೆ ಹರಡಿದ ಗಡ್ಡೆಗಳನ್ನು ತೋರಿಸುವುದರ ಜೊತೆಗೆ ರೇಡಿಯೇಷನ್ನಿನ ಏಟನ್ನೂ ಬಲಪಡಿಸುತ್ತದೆ. ಮೊದಲ ಪ್ರಯೋಗದಲ್ಲಿ ಕೆಜಿಗೆ 15ರಿಂದ 100 ಮಿಗ್ರಾಂವರೆಗೆ ಕೊಟ್ಟರು. ಅದರ ಚೌಕಟ್ಟು ಒಡೆಯುತ್ತದೆ ನಿಜ, ಹೊತ್ತು ತಂದದ್ದು ಮಾತ್ರ ಗ್ಯಾಡೊಲಿನಿಯಮ್ಮೇ. ಎರಡಕ್ಕೂ ಕಿಡ್ನಿ ಸರಿಯಿರಬೇಕು. ಕಿಡ್ನಿ ಕೆಟ್ಟವರಿಗೆ ಪರ್ಯಾಯ ಹುಡುಕುತ್ತಿದ್ದರೆ ಇವು ಅಲ್ಲ.

ಮೂರು ತಿಂಗಳ ನೆರಳು

ಫೆರುಮಾಕ್ಸಿಟಾಲ್‌ನ ದೊಡ್ಡ ತೊಂದರೆ ಅಲರ್ಜಿಯಲ್ಲ, ಅದಕ್ಕೆ ಸಿದ್ಧತೆ ಮಾಡಿಕೊಳ್ಳಬಹುದು. ತೊಂದರೆ ಕ್ಯಾಲೆಂಡರಿನದು. ಲೇಬಲ್ಲೇ ಹೇಳುವಂತೆ ಎಂಆರ್‌ಐ ಚಿತ್ರಗಳ ಮೇಲೆ ಇದರ ಪ್ರಭಾವ 3 ತಿಂಗಳವರೆಗೆ ಇರಬಹುದು. ರಕ್ತನಾಳಗಳಲ್ಲಿ 1-2 ದಿನ ಅತಿ ಹೆಚ್ಚು. ಲಿವರ್, ಗುಲ್ಮ, ಮಜ್ಜೆ ಕಪ್ಪಾಗಿರುತ್ತವೆ. ಮೈಯೊಳಗಿನ ಕರಗುವಿಕೆಗೆ ಅಷ್ಟು ಕಾಲ ಬೇಕು.

ಇದರ ಪರಿಣಾಮ ಎಲ್ಲಿ ತಟ್ಟುತ್ತದೆ ನೋಡಿ. ಆರು ವಾರಕ್ಕೊಮ್ಮೆ ಲಿವರ್ ಸ್ಕ್ಯಾನ್ ಇರುವ ರೋಗಿಗೆ ಈ ಸಲ ಫೆರುಮಾಕ್ಸಿಟಾಲ್ ಕೊಟ್ಟು, ಮುಂದಿನ ಸಲ ಬೇರೆ ಕಡೆ ಗ್ಯಾಡೊಲಿನಿಯಮ್‌ನಲ್ಲಿ ಸ್ಕ್ಯಾನ್ ಆದರೆ, ಅಲ್ಲಿನವರಿಗೆ ಕಾಣುವುದು ಕಬ್ಬಿಣ ತುಂಬಿದ ಲಿವರ್. ಅದನ್ನು ಹಿಮೋಸಿಡರೋಸಿಸ್ (ಅಂಗಾಂಶಗಳಲ್ಲಿ ಕಬ್ಬಿಣ ಕಟ್ಟುವ ಕಾಯಿಲೆ) ಎಂದು ಬರೆದು, ಇಲ್ಲದ ಕಾಯಿಲೆಯ ಬೆನ್ನು ಹತ್ತುವುದು ಸುಲಭ. ಎರಡೂ ಏಜೆಂಟ್ ಬೇಕಿದ್ದರೆ ಗ್ಯಾಡೊಲಿನಿಯಮ್ ಮೊದಲು, ಕಬ್ಬಿಣ ಆಮೇಲೆ. ತಿರುಗಿಸಿ ಮಾಡಿದರೆ ಮೊದಲನೆಯದು ಎರಡನೆಯದನ್ನು ನುಂಗಿಹಾಕುತ್ತದೆ. ನಡುವೆ ತುರ್ತು ಎಂಆರ್‌ಐ ಬಂದರೆ ಟಿ1 ಅಥವಾ ಪ್ರೋಟಾನ್ ಡೆನ್ಸಿಟಿ ಸೀಕ್ವೆನ್ಸ್ ಆರಿಸಿ. ಸಿಟಿ, ಅಲ್ಟ್ರಾಸೌಂಡ್, ಪೆಟ್‌ಗೆ ಅಡ್ಡಿಯಿಲ್ಲ. ಪೆಟ್-ಎಂಆರ್ ಯಂತ್ರದಲ್ಲಿ ಮಾತ್ರ ಹುಷಾರು: ಅಟೆನ್ಯುಯೇಷನ್ (ಮೈ ಹೀರಿಕೊಂಡು ಕುಗ್ಗಿದ ಸಿಗ್ನಲ್) ಸರಿಪಡಿಸುವ ನಕ್ಷೆ ಎಂಆರ್‌ನಿಂದಲೇ ಬರುತ್ತದೆ, ಕಪ್ಪಾದ ಲಿವರನ್ನು ಯಂತ್ರ ಗಾಳಿ ಎಂದು ಎಣಿಸಿದರೆ ಪೆಟ್ ಅಂಕಿಯೂ ಕೆಡುತ್ತದೆ. ಆ ನಕ್ಷೆಯನ್ನು ಕಣ್ಣಿಂದ ಒಮ್ಮೆ ನೋಡಿ.

ವಿಕಿರಣ ತಪ್ಪಿಸಬೇಕಾದ ಮಕ್ಕಳಲ್ಲಿ ಇದರ ಉಪಯೋಗ ಗಟ್ಟಿಯಾಗಿದೆ. 2014ರಲ್ಲಿ ಪ್ರಕಟವಾದ, ಕ್ಯಾನ್ಸರ್ ಇದ್ದ 22 ಮಕ್ಕಳು ಮತ್ತು ಯುವಕರ ಅಧ್ಯಯನ ಪೆಟ್-ಸಿಟಿಯನ್ನೂ ಇದನ್ನು ಬಳಸಿದ ಇಡೀ ಮೈಯ ಎಂಆರ್‌ಐಯನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಆದರೆ ಮಗುವಿಗೆ ಮುಂದಿನ ಸ್ಕ್ಯಾನ್ ಯಾವ ತಿಂಗಳು, ಯಾವ ಯಂತ್ರದಲ್ಲಿ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ಒಪ್ಪಿ.

ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ "ಕಾಂಟ್ರಾಸ್ಟ್ ನೀಡಲಾಗಿದೆ" ಎಂದಷ್ಟೇ ಬರೆದರೆ ಮುಂದಿನವರು ಗ್ಯಾಡೊಲಿನಿಯಮ್ ಎಂದೇ ಓದಿಕೊಳ್ಳುತ್ತಾರೆ. ಏಜೆಂಟಿನ ಹೆಸರು, ಕಬ್ಬಿಣದ ಮಿಗ್ರಾಂ, ಬ್ಯಾಚ್ ಸಂಖ್ಯೆ, ಕೊಟ್ಟ ತಾರೀಕು, ಅದಕ್ಕೆ 3 ತಿಂಗಳು ಕೂಡಿಸಿದ ತಾರೀಕು, ಇವಿಷ್ಟನ್ನೂ ಡಿಸ್ಚಾರ್ಜ್ ಹಾಳೆಯ ಮೇಲ್ಭಾಗದಲ್ಲೇ ಬರೆಯಿರಿ, ಸ್ಕ್ಯಾನ್ ವರದಿಯ ಮೊದಲ ಸಾಲಿನಲ್ಲೂ.